ಕೆಂಪು ಇಳಿಸಿದ ಹನಿ: ಭತ್ತದ ಕಣದಿಂದ ಬಂದ ಒಂದು ಕಾರ್ನಿಯಾ ಹುಣ್ಣಿನ ಪ್ರಕರಣ

ಡಿಸೆಂಬರ್ ತಿಂಗಳ ಒಂದು ಸೋಮವಾರ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಹಳ್ಳಿಯೊಂದರಿಂದ 46 ವರ್ಷದ ರೈತ ಮಹಿಳೆಯೊಬ್ಬರು ಬಲಗಣ್ಣಿಗೆ ಸೆರಗು ಒತ್ತಿಕೊಂಡೇ ನಮ್ಮ ಕಣ್ಣಿನ ವಿಭಾಗಕ್ಕೆ ಬಂದರು. ಕಿಟಕಿಯ ಬೆಳಕು ತಾಗದಂತೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ ಅವರನ್ನು ಕಂಡಾಗಲೇ ಇದು ಮದ್ರಾಸ್ ಐ ಅಲ್ಲ ಎಂಬುದು ಹೆಚ್ಚುಕಡಿಮೆ ತಿಳಿದಿತ್ತು. ಜೊತೆಗಿದ್ದ ಪತಿ ಮೊದಲು ಹೇಳಿದ್ದು ಇಷ್ಟು: "ಕಣ್ಣಿಗೆ ಹೂ ಬಿದ್ದಂಗದೆ ಸಾರ್. ವಾಸಿಯಾಯ್ತಾ ಇತ್ತು, ಇದ್ದಕ್ಕಿದ್ದಂಗೆ ಹಿಂಗಾಗೋಯ್ತು."

ಈ ಬರಹ ಮುಖ್ಯವಾಗಿ ಆ "ವಾಸಿಯಾಯ್ತಾ ಇತ್ತು" ಎಂಬ ಮಾತನ್ನು ಕುರಿತದ್ದು. ರೋಗಿಯ ಗುರುತು ಸಿಗದಂತೆ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಯ ನಡೆ ಮಾತ್ರ ಸುಗ್ಗಿಯ ತಿಂಗಳುಗಳಲ್ಲಿ ನಮ್ಮ ವಾರ್ಡಿನಲ್ಲಿ ಕಾಣುವಂಥದ್ದೇ.

ಭತ್ತದ ಕೊಯ್ಲನ್ನು ಈಗ ಬಹುಪಾಲು ಯಂತ್ರಗಳೇ ಮುಗಿಸುತ್ತವೆಯಾದರೂ, ಯಂತ್ರ ಇಳಿಯದ ತುಂಡು ಗದ್ದೆಗಳಲ್ಲಿ ಬಡಿಯುವ, ತೂರುವ, ಕೇರುವ ಕೆಲಸ ಇನ್ನೂ ಉಳಿದಿದೆ, ಮತ್ತು ಕೇರುವ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ. ಹದಿಮೂರು ದಿನಗಳ ಹಿಂದೆ ಈಕೆ ಮೊರದಲ್ಲಿ ಭತ್ತ ಕೇರುತ್ತಿದ್ದಾಗ ಗಾಳಿ ತಿರುಗಿ, ಹೊಟ್ಟಿನ ಒಂದು ಚೂರು ಬಲಗಣ್ಣಿಗೆ ಬಿತ್ತು. ಕೈಯಲ್ಲಿ ಭತ್ತದ ಧೂಳು ಇರುವಂತೆಯೇ ಕಣ್ಣು ಉಜ್ಜಿಕೊಂಡರು. ಆಮೇಲೆ ಚೊಂಬಿನ ನೀರು ಎರಚಿಕೊಂಡಾಗ ಚೂರು ಹೊರಬಂತು. ರಾತ್ರಿ ಕಣ್ಣು ಚುಚ್ಚತೊಡಗಿ ನೀರು ಸುರಿದಾಗ, ಹೆರಿಗೆಗೆಂದು ತವರಿಗೆ ಬಂದಿದ್ದ ಪಕ್ಕದ ಮನೆಯ ಮಗಳಿಂದ ಎದೆಹಾಲು ಬಿಡಿಸಿಕೊಂಡದ್ದೂ ಆಯಿತು. ಎರಡನೆಯ ದಿನ ಒಂದು ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದರು. ಮೂರನೆಯ ದಿನ ಸಂಜೆ ಪತಿ ಪೇಟೆಗೆ ಹೋಗಿದ್ದವರು ಔಷಧಿ ಅಂಗಡಿಯೊಂದರಲ್ಲಿ "ಕಣ್ಣು ಕೆಂಪಾಗದೆ, ಒಂದು ಡ್ರಾಪ್ಸ್ ಕೊಡಿ" ಎಂದು ಕೇಳಿ ತಂದರು. ಗಮನಿಸಬೇಕಾದದ್ದೆಂದರೆ, ಆ ಹೊತ್ತಿಗೆ ಕಣ್ಣು ಹಳ್ಳಿಯಲ್ಲಿತ್ತು, ಮಾತು ಮಾತ್ರ ಅಂಗಡಿಗೆ ಹೋಗಿತ್ತು. ಹೊಟ್ಟು ಬಿದ್ದ ವಿಷಯವನ್ನು ಇವರು ಹೇಳಲಿಲ್ಲ, ಅವರು ಕೇಳಲೂ ಇಲ್ಲ.

ಹನಿ ಹಾಕಿದ ಮರುದಿನವೇ ಕೆಂಪು ಇಳಿಯಿತು. ನೋವು ಅರ್ಧಕ್ಕೆ ಬಂತು. ಆಕೆ ಮತ್ತೆ ಕಣಕ್ಕೆ ಹೋದರು. ಒಂಬತ್ತನೆಯ ದಿನ ಬಲಗಣ್ಣಿಗೆ ಮಂಜು ಕವಿದಂತಾದಾಗಲೂ ಕೆಂಪು ಹೆಚ್ಚಿರಲಿಲ್ಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಹನ್ನೊಂದನೆಯ ದಿನ ಕನ್ನಡಿಯಲ್ಲಿ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಅದಕ್ಕೆ ಅವರು ಮಾಡಿದ ಉಪಾಯ, ದಿನಕ್ಕೆ ನಾಲ್ಕು ಸಲ ಹಾಕುತ್ತಿದ್ದ ಅದೇ ಹನಿಯನ್ನು ಆರು ಸಲ ಹಾಕಿದ್ದು.

ಬಾಟಲಿಯನ್ನು ತೋರಿಸಿ ಎಂದಾಗ ಪತಿ ಅಂಗಿಯ ಜೇಬಿನಿಂದ ಅದನ್ನು ತೆಗೆದರು. ಐದು ಎಂ.ಎಲ್. ಬಾಟಲಿ, ಹೆಬ್ಬೆರಳಿನಷ್ಟು ಉದ್ದ, ಬೆವರಿಗೆ ಲೇಬಲ್ಲಿನ ಅಂಚು ಎದ್ದಿತ್ತು. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಹೆಚ್ ಔಷಧಿ ಎಂಬ ಎಚ್ಚರಿಕೆ ಅದರ ಮೇಲೆಯೇ ಇತ್ತು, ಆದರೆ ಕನ್ನಡಕವಿಲ್ಲದೆ ನನಗೂ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ.

ಪರೀಕ್ಷೆಯಲ್ಲಿ ಬಲಗಣ್ಣಿಗೆ ಒಂದು ಮೀಟರ್ ದೂರದಲ್ಲಿ ಹಿಡಿದ ಬೆರಳುಗಳನ್ನು ಎಣಿಸುವಷ್ಟು ಮಾತ್ರ ದೃಷ್ಟಿಯಿತ್ತು. ಎಡಗಣ್ಣಿನ ದೃಷ್ಟಿ 6/9, ಅಂದರೆ ಬಹುತೇಕ ಸಹಜ. ರೆಪ್ಪೆ ಊದಿತ್ತು. ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಉಪಕರಣದಲ್ಲಿ ನೋಡಿದಾಗ ಕಾರ್ನಿಯಾದ ಮಧ್ಯಭಾಗದ ತುಸು ಕೆಳಗೆ, ಸುಮಾರು 4.5 ಮಿ.ಮೀ. ಉದ್ದ 4 ಮಿ.ಮೀ. ಅಗಲದ ಬೂದುಬಿಳಿ ಹುಣ್ಣು ಕಂಡಿತು. ಅದರ ಮೇಲ್ಮೈ ಒಣಗಿದಂತೆ, ತುಸು ಉಬ್ಬಿದಂತೆ ಇದ್ದು, ಅಂಚು ಹಕ್ಕಿಯ ಗರಿಯ ಅಂಚಿನಂತೆ ಎಳೆಎಳೆಯಾಗಿ ಸುತ್ತಲಿನ ಭಾಗಕ್ಕೆ ಹರಡಿತ್ತು. ಮೂಲ ಹುಣ್ಣಿನಿಂದ ಸ್ವಲ್ಪ ದೂರದಲ್ಲಿ ಎರಡು ಸಣ್ಣ ಚುಕ್ಕೆಗಳಿದ್ದವು. ಕಾರ್ನಿಯಾದ ಹಿಂದಿನ ಕೋಣೆಯ ತಳದಲ್ಲಿ ಒಂದು ಮಿ.ಮೀ. ಎತ್ತರಕ್ಕೆ ಕೀವು ತಂಗಿತ್ತು. ಕಣ್ಣೀರಿನ ಚೀಲವನ್ನು ಒತ್ತಿ ನೋಡಿದಾಗ ಕೀವು ಬರಲಿಲ್ಲ, ರಕ್ತದ ಸಕ್ಕರೆ ಸಹಜವಾಗಿತ್ತು; ಅಂದರೆ ಹುಣ್ಣು ಬಲಿಯಲು ದೇಹದ ಕಡೆಯಿಂದ ಬೇರೆ ಕಾರಣ ಕಾಣಲಿಲ್ಲ.

ಇಲ್ಲಿ ಕಾರ್ನಿಯಾದ ಬಗ್ಗೆ ಒಂದೆರಡು ಮಾತು ಅಗತ್ಯ. ಜನ ಕರಿಗುಡ್ಡೆ ಎಂದು ಕರೆಯುವುದು ವಾಸ್ತವವಾಗಿ ಒಳಗಿನ ಬಣ್ಣದ ಪಟಲ. ಅದರ ಮುಂದೆ ಕೈಗಡಿಯಾರದ ಗಾಜಿನಂತೆ ಕೂತಿರುವ, ತನಗೆ ಬಣ್ಣವೇ ಇಲ್ಲದ ಪದರವೇ ಕಾರ್ನಿಯಾ. ಅಡ್ಡಳತೆ ಹನ್ನೊಂದು ಹನ್ನೆರಡು ಮಿ.ಮೀ., ಮಧ್ಯದಲ್ಲಿ ದಪ್ಪ ಅರ್ಧ ಮಿ.ಮೀ.ಗಿಂತ ಕೊಂಚ ಹೆಚ್ಚು. ಅದರಲ್ಲಿ ರಕ್ತನಾಳಗಳಿಲ್ಲ; ಇದ್ದಿದ್ದರೆ ಅದು ಪಾರದರ್ಶಕವಾಗಿ ಉಳಿಯುತ್ತಿರಲಿಲ್ಲ. ಸೋಂಕು ತಗುಲಿದಾಗ ಈ ಅನುಕೂಲವೇ ಅನನುಕೂಲವಾಗುತ್ತದೆ, ಏಕೆಂದರೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಅಲ್ಲಿಗೆ ಅಂಚಿನ ನಾಳಗಳಿಂದ, ಕಣ್ಣೀರಿನ ಮೂಲಕ, ನಿಧಾನವಾಗಿ ತಲುಪಬೇಕು. ಹೊಟ್ಟು ಬಿದ್ದಾಗ ಕಣ್ಣು ಕೆಂಪಾಗುವುದು ಈ ಸೈನ್ಯ ಹೊರಟದ್ದರ ಗುರುತು. ಕಾರ್ನಿಯಾದ ಮೇಲ್ಪದರ ತರಚಿದರೆ ಅದು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಆದರೆ ಆ ಎರಡು ಮೂರು ದಿನ ಬಾಗಿಲು ತೆರೆದಿರುತ್ತದೆ, ಮತ್ತು ಭತ್ತದ ಹೊಟ್ಟು, ಕಬ್ಬಿನ ಗರಿ, ಒಣ ಹುಲ್ಲು, ಮಣ್ಣು ಇವುಗಳಲ್ಲೆಲ್ಲ ಬೂಷ್ಟಿನ ಬೀಜಕಣಗಳು ಯಾವಾಗಲೂ ಇರುತ್ತವೆ.

ಸ್ಟೀರಾಯ್ಡ್ ಹನಿ ಆ ಸೈನ್ಯವನ್ನು ದಾರಿಯಲ್ಲೇ ತಡೆಯಿತು. ಉರಿಯೂತ ತಗ್ಗಿ ಕೆಂಪು ಇಳಿಯಿತು, ನೋವೂ ತಗ್ಗಿತು. ಒಳಗಿನ ಬೂಷ್ಟಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಹನಿಯಲ್ಲಿದ್ದ ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಯೇ ಹೊರತು ಶಿಲೀಂಧ್ರವನ್ನು, ಅಂದರೆ ಬೂಷ್ಟನ್ನು, ಮುಟ್ಟುವುದಿಲ್ಲ. ಹೀಗಾಗಿ ಕುಟುಂಬದವರು ಗುಣವಾಗುತ್ತಿದೆ ಎಂದು ತಿಳಿದ ನಾಲ್ಕನೆಯ ದಿನದಿಂದ ಒಂಬತ್ತನೆಯ ದಿನದವರೆಗಿನ ಅವಧಿಯೇ ಹುಣ್ಣು ಆಳಕ್ಕೆ ಇಳಿದ ಅವಧಿ. ಅವರ ಲೆಕ್ಕ ದಡ್ಡತನದ್ದಾಗಿರಲಿಲ್ಲ. ಕಣ್ಣಿನ ಕಾಯಿಲೆಗೆ ಮನೆಯಲ್ಲಿ ಸಿಗುವ ಅಳತೆಗೋಲು ಕೆಂಪು ಒಂದೇ, ಮತ್ತು ಈ ಔಷಧಿ ಸುಳ್ಳು ಹೇಳಿಸಿದ್ದು ಆ ಅಳತೆಗೋಲಿನಿಂದಲೇ.

ಗರಿಯಂತಹ ಅಂಚು ಕಂಡಾಕ್ಷಣ ಶಿಲೀಂಧ್ರ ಎಂದು ಹೇಳಿಬಿಡುವ ಆಸೆ ಆಗುತ್ತದೆ. ಆದರೆ ಸ್ಟೀರಾಯ್ಡ್ ಬಳಸಿದ ಕಣ್ಣಿನಲ್ಲಿ ಹುಣ್ಣಿನ ಮುಖಚಹರೆ ಬದಲಾಗಿರಬಹುದಾದ್ದರಿಂದ ನೋಟವನ್ನು ನಂಬುವಂತಿಲ್ಲ. ಮರಗಟ್ಟಿಸುವ ಹನಿ ಹಾಕಿ, ಸ್ಲಿಟ್ ಲ್ಯಾಂಪ್ ಮುಂದೆಯೇ ಹುಣ್ಣಿನ ತಳ ಮತ್ತು ಅಂಚನ್ನು ಸಣ್ಣ ಬ್ಲೇಡಿನಿಂದ ಕೆರೆದು ತೆಗೆದೆವು. ತೆಗೆದದ್ದು ಸಾಸಿವೆ ಕಾಳಿಗಿಂತ ಕಡಿಮೆ. ಅದರಲ್ಲಿ ಒಂದು ಪಾಲು ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 'ಗ್ರಾಂ' ಎಂಬ ಬಣ್ಣದ ಗಾಜಿಗೆ, ಒಂದು ಪಾಲು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯ ಗಾಜಿಗೆ, ಉಳಿದದ್ದು ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಕಲ್ಚರ್ ತಟ್ಟೆಗಳಿಗೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮಾಂಸದ ಕಣಗಳನ್ನು ಕರಗಿಸುತ್ತದೆ, ಶಿಲೀಂಧ್ರದ ಗೋಡೆಯನ್ನು ಕರಗಿಸುವುದಿಲ್ಲ. ಆದ್ದರಿಂದ ಸ್ವಲ್ಪ ಹೊತ್ತಿನಲ್ಲಿ ಸುತ್ತಲಿನದೆಲ್ಲ ಮಸುಕಾಗಿ, ಎಳೆಗಳು ಮಾತ್ರ ಉಳಿಯುತ್ತವೆ. ಕಾಲು ಗಂಟೆಯ ನಂತರ ಸೂಕ್ಷ್ಮದರ್ಶಕದಲ್ಲಿ ಅವು ಕಂಡವು: ಗಾಜಿನಂತೆ ಹೊಳೆಯುವ, ಅಲ್ಲಲ್ಲಿ ಅಡ್ಡಗೋಡೆಗಳಿರುವ, ಗರಿಕೆ ಬೇರಿನಂತೆ ಕವಲೊಡೆದ ಎಳೆಗಳು. ಪತಿಯನ್ನು ಕರೆದು ತೋರಿಸಿದೆವು. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಉಪ್ಪಿನಕಾಯಿ ಮ್ಯಾಲೆ ಬತ್ತದಲ್ಲ, ಅದಾ?" ಎಂದರು. ಅದೇ ಜಾತಿಯದು ಎಂದೆ. ಮುಂದಿನ ಒಂದು ವಾರದಲ್ಲಿ ನಾವು ಹೇಳಿದ ಎಲ್ಲ ವಿವರಣೆಗಳಿಗಿಂತ ಆ ಎರಡು ನಿಮಿಷದ ನೋಟ ಹೆಚ್ಚು ಕೆಲಸಕ್ಕೆ ಬಂತು.

ಆಸ್ಪತ್ರೆಗೆ ಬಂದ ನಾಲ್ಕನೆಯ ದಿನ ಕಲ್ಚರ್ ತಟ್ಟೆಯಲ್ಲಿ ಹತ್ತಿಯಂತಹ ಬಿಳಿ ಬೆಳೆ ಎದ್ದಿತು. ಬಣ್ಣ ಹಾಕಿ ನೋಡಿದರೆ ಕುಡುಗೋಲಿನಂತೆ ಬಾಗಿದ ಬೀಜಕಣಗಳು; ಫ್ಯುಸೇರಿಯಂ. ದಕ್ಷಿಣ ಭಾರತದ ಶಿಲೀಂಧ್ರ ಹುಣ್ಣುಗಳಲ್ಲಿ ಇದು ಮತ್ತು ಆಸ್ಪರ್ಜಿಲಸ್ ಇವೆರಡೇ ಪ್ರಮುಖ.

ಚಿಕಿತ್ಸೆ ಕಾಗದದ ಮೇಲೆ ಸರಳ. ಸ್ಟೀರಾಯ್ಡ್ ಹನಿ ಅಂದೇ ನಿಂತಿತು. ಶಿಲೀಂಧ್ರವನ್ನು ಕೊಲ್ಲುವ ಶೇ. 5ರ ನಾಟಾಮೈಸಿನ್ ಹನಿಯನ್ನು ಮೊದಲ ಎರಡು ದಿನ ಹಗಲೂ ರಾತ್ರಿ ಗಂಟೆಗೊಮ್ಮೆ, ಅನಂತರ ಎಚ್ಚರವಿರುವ ಹೊತ್ತಿನಲ್ಲಿ ಗಂಟೆಗೊಮ್ಮೆ ಹಾಕಬೇಕು. ಪಾಪೆಯನ್ನು ಹಿಗ್ಗಿಸಿ ಒಳಗಿನ ಸ್ನಾಯುಗಳ ಸೆಳೆತವನ್ನು ತಗ್ಗಿಸಲು ದಿನಕ್ಕೆ ಮೂರು ಸಲ ಹೋಮಾಟ್ರೊಪಿನ್. ಹೊಸದೂ ದುಬಾರಿಯೂ ಆದ ವೋರಿಕೊನಜೋಲ್ ಹನಿ ಏಕೆ ಬೇಡ ಎಂದು ತರಬೇತಿಯ ವೈದ್ಯರು ಕೇಳುವುದುಂಟು. ಮದುರೈನ ಅರವಿಂದ ಸಮೂಹದ ಆಸ್ಪತ್ರೆಗಳು ಮತ್ತು ಅಮೆರಿಕದ ಕಣ್ಣಿನ ಸಂಶೋಧನಾ ಸಂಸ್ಥೆ ಪ್ರಾಕ್ಟರ್ ಫೌಂಡೇಶನ್ ಸೇರಿ 323 ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡನ್ನೂ ಹೋಲಿಸಿದಾಗ ನಾಟಾಮೈಸಿನ್ನೇ ಮೇಲಾಯಿತು, ಅದರಲ್ಲೂ ಫ್ಯುಸೇರಿಯಂ ವಿಷಯದಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ನಮ್ಮ ಹೊಲಗದ್ದೆಗಳ ಕಾಯಿಲೆಗೆ ನಮ್ಮ ರೋಗಿಗಳಿಂದಲೇ ಸಿಕ್ಕ ಉತ್ತರ ಇದು ಎಂಬ ಕಾರಣಕ್ಕೆ ನನಗೆ ಈ ಅಧ್ಯಯನದ ಮೇಲೆ ವಿಶೇಷ ಗೌರವವಿದೆ.

ಕಾಗದದಿಂದ ಮಂಚಕ್ಕೆ ಬಂದಾಗ ಚಿಕಿತ್ಸೆ ಸರಳವಾಗಿ ಉಳಿಯಲಿಲ್ಲ. ನಾಟಾಮೈಸಿನ್ ತಿಳಿಯಾದ ಹನಿಯಲ್ಲ. ಮಜ್ಜಿಗೆಯಂತೆ ಬಿಳಿ, ತಳಕ್ಕೆ ಕೂರುತ್ತದೆ, ಪ್ರತಿ ಸಲ ಬಾಟಲಿ ಅಲ್ಲಾಡಿಸಬೇಕು. ಹಾಕಿದ ಮೇಲೆ ರೆಪ್ಪೆಯಂಚಿನಲ್ಲಿ ಸುಣ್ಣದ ಪುಡಿಯಂತೆ ಅಂಟುತ್ತದೆ, ಚುರುಗುಟ್ಟುತ್ತದೆ. ಇದರ ಜೊತೆಗೆ, ಹತ್ತು ದಿನ ತಡೆಹಿಡಿದಿದ್ದ ಉರಿಯೂತ, ಸ್ಟೀರಾಯ್ಡ್ ನಿಂತೊಡನೆ ಒಮ್ಮೆಲೇ ನುಗ್ಗಿತು. ಮೂರನೆಯ ದಿನದ ಹೊತ್ತಿಗೆ ಕಣ್ಣು ಕೆಂಡದಂತೆ ಕೆಂಪಾಗಿ, ರೆಪ್ಪೆ ತೆರೆಯಲಾಗದಷ್ಟು ಊದಿ, ಕೀವಿನ ಮಟ್ಟ ಒಂದೂವರೆ ಮಿ.ಮೀ.ಗೆ ಏರಿತು. ಆ ರಾತ್ರಿ ಸುತ್ತಿಗೆ ಹೋದ ಶುಶ್ರೂಷಕಿ ನೋಡಿದಾಗ ಆಕೆ ಬಟ್ಟೆಬರೆ ಚೀಲಕ್ಕೆ ತುಂಬಿ ಮಂಚದ ತುದಿಯಲ್ಲಿ ಕುಳಿತಿದ್ದರು.

"ಅಲ್ಲಿ ಹಾಕ್ತಿದ್ದಾಗ ಕೆಂಪೆಲ್ಲ ಹೋಗಿತ್ತು ಕಣವ್ವ," ಎಂದು ಅವರು ಶುಶ್ರೂಷಕಿಗೆ ಹೇಳಿದರಂತೆ. "ಇಲ್ಲಿಗೆ ಬಂದ್ಮೇಲೆ ನೋವು ಜಾಸ್ತಿ ಆಗದೆ. ನಮ್ಮ ಔಸ್ದಿ ವಾಪಸ್ ಕೊಟ್ಬುಡಿ, ನಾವು ಹೊಂಟೋಯ್ತೀವಿ."

ಕಾರ್ನಿಯಾ ಹುಣ್ಣಿನ ಚಿಕಿತ್ಸೆ ಮುರಿದು ಬೀಳುವುದು ಬಹುತೇಕ ಇಲ್ಲಿಯೇ ಎಂಬುದು ನನ್ನ ಅನುಭವ. ಹಾಳು ಮಾಡುವ ಹನಿ ತಂಪಾಗಿತ್ತು, ಗುಣ ಮಾಡುವ ಹನಿ ಉರಿಯುತ್ತದೆ. ರೋಗಿ ಯಾವುದನ್ನು ನಂಬಬೇಕು? ಮರುದಿನ ಬೆಳಿಗ್ಗೆ ನಾನು ಮಾತನಾಡುವ ಮೊದಲೇ ಪತಿ ತಮ್ಮ ರೀತಿಯಲ್ಲಿ ವಿವರಿಸಿಬಿಟ್ಟಿದ್ದರು: ಗಾಜಿನಲ್ಲಿ ತಾನು ಕಂಡದ್ದು ಬೂಷ್ಟು, ಬೇರು ಬಿಟ್ಟದೆ, ಮೊದಲಿನ ಔಷಧಿ ಅದರ ಮೇಲೆ ಬಟ್ಟೆ ಹೊದಿಸಿತ್ತು, ಇವರು ಬಟ್ಟೆ ತೆಗೆದವರೆ ಅಷ್ಟೇ. ನಾನು ಸೇರಿಸಬೇಕಾದದ್ದು ಹೆಚ್ಚೇನೂ ಇರಲಿಲ್ಲ. ನಾವು ಮಾಡಬೇಕಾಗಿದ್ದು, ಮಾಡದೇ ಹೋದದ್ದು ಒಂದಿದೆ: ಸ್ಟೀರಾಯ್ಡ್ ನಿಲ್ಲಿಸಿದ ದಿನವೇ, "ಇನ್ನು ಮೂರು ನಾಲ್ಕು ದಿನ ಕಣ್ಣು ಈಗಿರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಅದು ನಿರೀಕ್ಷಿತ" ಎಂದು ಇಬ್ಬರಿಗೂ ಮುಂಚೆಯೇ ಹೇಳಬೇಕಿತ್ತು. ಈ ಪ್ರಕರಣದ ನಂತರ ನಮ್ಮ ವಾರ್ಡಿನಲ್ಲಿ ದಾಖಲಾತಿಯ ದಿನವೇ ಅದನ್ನು ಹೇಳುವ ರೂಢಿ ಮಾಡಿಕೊಂಡಿದ್ದೇವೆ.

ಮುಂದಿನ ನಡೆ ನಿಧಾನ, ಆದರೆ ಸರಿಯಾದ ದಿಕ್ಕಿನದು. ಔಷಧಿ ಒಳಗಿಳಿಯಲು ಅಡ್ಡವಾಗಿದ್ದ ಮೇಲಿನ ಸತ್ತ ಪದರವನ್ನು ಎರಡು ಸಲ ಕೆರೆದು ತೆಗೆದೆವು. ಚಿಕಿತ್ಸೆಯ ಎಂಟನೆಯ ದಿನದಿಂದ ಕೀವಿನ ಮಟ್ಟ ಇಳಿಯತೊಡಗಿ ಹದಿನಾರನೆಯ ದಿನಕ್ಕೆ ಇಲ್ಲವಾಯಿತು. ಗರಿಯಂಚು ಮೊಂಡಾಯಿತು. ಶಿಲೀಂಧ್ರ ಕಾರ್ನಿಯಾದ ಒಳಪೊರೆ ತೂತಾಗದಿದ್ದರೂ ಅದನ್ನು ದಾಟಿ ಕಣ್ಣಿನೊಳಗೆ ಹೋಗಬಲ್ಲದಾದ್ದರಿಂದ, ಕಾರ್ನಿಯಾ ತೆಳುವಾಗಿ ತೂತಾಗುವ ಭಯವೂ ಇದ್ದುದರಿಂದ, ತುರ್ತಾಗಿ ಕಾರ್ನಿಯಾ ಬದಲಿಸಬೇಕಾಗಬಹುದೆಂದು ಎರಡನೆಯ ವಾರದವರೆಗೂ ಸಿದ್ಧರಾಗಿಯೇ ಇದ್ದೆವು, ಅದು ಬೇಕಾಗಲಿಲ್ಲ. ಆರನೆಯ ವಾರಕ್ಕೆ ಗಾಯವಿದ್ದಲ್ಲಿ ಹಸಿರಾಗಿ ಹೊಳೆಯುವ ಫ್ಲೋರೆಸೀನ್ ಬಣ್ಣದ ಪರೀಕ್ಷೆಯಲ್ಲಿ ಗಾಯ ಪೂರ್ತಿ ಮುಚ್ಚಿರುವುದು ಕಂಡಿತು.

ಸೋಂಕು ಹೋಯಿತು, ಗುರುತು ಉಳಿಯಿತು. ಮೂರನೆಯ ತಿಂಗಳಿನಲ್ಲಿ ಬಲಗಣ್ಣಿನ ದೃಷ್ಟಿ 6/60, ಕನ್ನಡಕ ಕೊಟ್ಟಾಗ 6/36. ಅಂದರೆ ಇತರರು 36 ಮೀಟರ್ ದೂರದಿಂದ ಓದಬಲ್ಲ ಅಕ್ಷರವನ್ನು ಈಕೆ ಆರು ಮೀಟರಿಗೆ ಬಂದು ಓದಬೇಕು. ಎಡಗಣ್ಣು ಚೆನ್ನಾಗಿರುವುದರಿಂದ ದಿನದ ಕೆಲಸ ನಡೆಯುತ್ತದೆ. ಸೂಜಿಗೆ ದಾರ ಪೋಣಿಸುವುದು, ಲೋಟಕ್ಕೆ ಕಾಫಿ ಬಗ್ಗಿಸುವುದು ಮುಂತಾದ, ಎರಡೂ ಕಣ್ಣು ಸೇರಿ ದೂರ ಅಳೆಯಬೇಕಾದ ಕೆಲಸಗಳಲ್ಲಿ ಕೈ ತಪ್ಪುತ್ತದೆ ಎಂದು ಅವರು ಹೇಳಿದರು.

ಕಣ್ಣು ಹಲವು ತಿಂಗಳು ಶಾಂತವಾಗಿ ಉಳಿದರೆ ದಾನಿಯ ಕಾರ್ನಿಯಾ ಜೋಡಿಸಿ ದೃಷ್ಟಿ ಸುಧಾರಿಸಲು ಸಾಧ್ಯವಿದೆ ಎಂದು ತಿಳಿಸಿದೆವು. ನೇತ್ರದಾನವೆಂದರೆ ಏನು ಎಂದು ವಿವರಿಸುವ ಕಷ್ಟ ಈಗ ಅಷ್ಟಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳ ದಾನವನ್ನೂ, 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಅವರ ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಜೋಡಿಸಿದ್ದನ್ನೂ ಹಳ್ಳಿಯವರು ನಮಗೇ ಹೇಳುತ್ತಾರೆ. "ಅಪ್ಪು ಕಣ್ಣು ಕೊಟ್ಟಂಗೆ" ಎಂದರೆ ಸಾಕು, ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕೆಂಬುದನ್ನೂ ಅವರೇ ಸೇರಿಸುತ್ತಾರೆ. ಆದರೆ ಈಕೆ ಸದ್ಯಕ್ಕೆ ಬೇಡವೆಂದರು. ಜೋಡಿಸಿದ ಕಾರ್ನಿಯಾಕ್ಕೆ ವರ್ಷಗಟ್ಟಲೆ ಹನಿ, ತಪ್ಪದ ತಪಾಸಣೆ ಬೇಕು. ಒಂದು ಕಣ್ಣು ನೆಟ್ಟಗಿರುವಾಗ ಆ ನಿರ್ಧಾರ ತಪ್ಪೆಂದು ನಾನೂ ಹೇಳಲಾರೆ.

ಈ ಹದಿಮೂರು ದಿನಗಳಲ್ಲಿ ದಾರಿ ಎಲ್ಲಿ ತಿರುಗಬಹುದಿತ್ತು? ಕಸ ಬಿದ್ದಾಗ ಉಜ್ಜದೆ ಶುದ್ಧ ನೀರಿನಿಂದ ತೊಳೆಯುವುದು, ಎದೆಹಾಲು, ಹರಳೆಣ್ಣೆ, ಹೂವಿನ ರಸಗಳನ್ನು ಹಾಕದಿರುವುದು ಎಲ್ಲರೂ ಕೇಳಿರುವ ಮಾತುಗಳೇ. ನನ್ನ ಮಟ್ಟಿಗೆ ನಿರ್ಣಾಯಕವಾದದ್ದು ಮೊದಲ ರಾತ್ರಿ. ಕಸ ಹೊರಬಂದ ಮೇಲೂ ಚುಚ್ಚುವಿಕೆ ಉಳಿದಿದ್ದರೆ ಮೇಲ್ಪದರ ತರಚಿರುವ ಸಾಧ್ಯತೆಯೇ ಹೆಚ್ಚು, ಮತ್ತು ಅದನ್ನು ಕಂಡುಹಿಡಿಯಲು ಬೇಕಾದದ್ದು ಫ್ಲೋರೆಸೀನ್ ಕಾಗದದ ಒಂದು ಪಟ್ಟಿ, ಒಂದು ನೀಲಿ ಬೆಳಕು. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಸ್ವಯಂಸೇವಕರಿಗೆ ಇಷ್ಟನ್ನೇ ಕಲಿಸಿ, ತರಚುಗಾಯ ಕಂಡವರಿಗೆ ಮೂರು ದಿನ ಬರಿಯ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿಸಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಗಾಯವಾದ 18 ಗಂಟೆಯೊಳಗೆ ಮುಲಾಮು ಶುರುವಾದ ಯಾರಿಗೂ ಹುಣ್ಣಾಗಲಿಲ್ಲ. ನಮ್ಮ ರೋಗಿಗೆ ಸಿಕ್ಕ ಹನಿಯಲ್ಲಿದ್ದದ್ದೂ ಅದೇ ಕ್ಲೋರಾಂಫೆನಿಕಾಲ್ ಎಂಬುದನ್ನು ಓದುಗರು ಗಮನಿಸಿರಬಹುದು. ವ್ಯತ್ಯಾಸವಿದ್ದದ್ದು ಅದರ ಜೊತೆ ಸೇರಿದ್ದ ಇನ್ನೊಂದು ಹೆಸರಿನಲ್ಲಿ, ಮತ್ತು ಕೈತಪ್ಪಿದ ಎರಡು ದಿನಗಳಲ್ಲಿ.

ಅಂಗಡಿಯವರೊಬ್ಬರನ್ನೇ ಹಳಿಯುವುದು ಸುಲಭ, ಅವರ ತಪ್ಪು ಇದ್ದೇ ಇದೆ. ಆದರೆ ಮದ್ರಾಸ್ ಐ ಊರೆಲ್ಲ ಹಬ್ಬುವ ಕಾಲದಲ್ಲಿ ಕೆಂಪು ಕಣ್ಣೆಂದರೆ ಒಂದೇ ಕಾಯಿಲೆ ಎಂಬ ತಿಳಿವಳಿಕೆ ಎಲ್ಲರಲ್ಲೂ ಬೇರೂರಿದೆ. ಮದ್ರಾಸ್ ಐನಲ್ಲಿ ಸಾಮಾನ್ಯವಾಗಿ ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹರಡುತ್ತದೆ, ಬೆಳಿಗ್ಗೆ ಗೀಜಿನಿಂದ ರೆಪ್ಪೆ ಅಂಟಿರುತ್ತದೆ, ಗೀಜು ಒರೆಸಿದರೆ ದೃಷ್ಟಿ ಬಹುಮಟ್ಟಿಗೆ ಮೊದಲಿನಂತೆಯೇ ಇರುತ್ತದೆ. ಒಂದೇ ಕಣ್ಣು, ನಿಜವಾದ ನೋವು, ಬೆಳಕು ಸಹಿಸಲಾಗದಿರುವುದು, ಮಂಜಾಗುವುದು, ಅದಕ್ಕೆ ಮೊದಲು ಏನಾದರೂ ಬಿದ್ದದ್ದು, ಇವುಗಳಲ್ಲಿ ಯಾವುದಿದ್ದರೂ ಅದು ಹನಿ ಕೇಳುವ ಕಣ್ಣಲ್ಲ, ತೋರಿಸಬೇಕಾದ ಕಣ್ಣು. ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗೆ ತೋರಿಸಿದ್ದರೂ ಮೊದಲ ದಿನವೇ ಗೊತ್ತಾಗುತ್ತಿತ್ತು.

ಕೊನೆಯ ತಪಾಸಣೆಗೆ ಬಂದಾಗ ಪತಿ ಹೊರಡುವ ಮುನ್ನ ಜೇಬಿನಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಂದು, ಅರ್ಧ ಉಳಿದ ನಾಟಾಮೈಸಿನ್; ಇದನ್ನು ಮುಂದಿನ ಸುಗ್ಗಿಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ತೆರೆದ ಕಣ್ಣಿನ ಹನಿಯನ್ನು ಒಂದು ತಿಂಗಳ ಮೇಲೆ ಇಡಬಾರದೆಂದು ಹೇಳಿ ಅದನ್ನು ತೆಗೆದುಕೊಂಡೆ. ಇನ್ನೊಂದು ಮುಚ್ಚಳ ಒಡೆಯದ ಹಳೆಯ ಹನಿ, ಹನ್ನೊಂದನೆಯ ದಿನ ಬಿಳಿ ಚುಕ್ಕೆ ಕಂಡಾಗ ತಂದದ್ದು. ಇಷ್ಟು ದಿನ ಅದು ಮನೆಯ ಕನ್ನಡಿಯ ಹಿಂದೆ ಇತ್ತಂತೆ. ಹಿಂದಿನ ವಾರ ಮೊಮ್ಮಗನ ಕಣ್ಣು ಕೆಂಪಾದಾಗ ಸೊಸೆ ಅದಕ್ಕೆ ಕೈ ಹಾಕಿದ್ದಳು. ಈಕೆ ಕಿತ್ತುಕೊಂಡು ಗಂಡನ ಜೇಬಿಗೆ ಹಾಕಿದ್ದರು.